ಎದುರು ಸುತ್ತು

ಪಾದ್ರಿಗಳ ಪ್ರಾರ್ಥನೆ ಮುಗಿಯುವವರೆಗೆ ನಾನು ಓಡುವಂತಿರಲಿಲ್ಲ. ಅವರು ಮೊದಲು ದೇವರನ್ನು ಸ್ತುತಿಸಿ, ಆಮೇಲೆ ಊರನ್ನು ಹರಸಿ, ಕೊನೆಗೆ ನನ್ನ ಮೊಣಕಾಲುಗಳ ಬಳಿಗೆ ಬರುವಷ್ಟರಲ್ಲಿ ಬಿಸಿಯಾಗಿದ್ದ ಮೈಯೆಲ್ಲ ತಣ್ಣಗಾಗಿರುತ್ತಿತ್ತು. ಪ್ರತಿ ಶನಿವಾರ ಬೆಳಗ್ಗೆ ಐದೂವರೆಗೆ, ನಮ್ಮೂರು ಅರೋರಂಗಿಯ ಚರ್ಚಿನ ಗೇಟಿನ ಮುಂದೆ ಇದೇ ಕತೆ. ‘ಆಮೆನ್’ ಆದಮೇಲೆ ದೊಡ್ಡಮ್ಮ ಕೊರಳಿಗೆ ಹೂವಿನ ಹಾರ ಹಾಕುತ್ತಿದ್ದಳು. ಹಾರ ಹಾಕಿಕೊಂಡು ಮೂವತ್ತೆರಡು ಕಿಲೋಮೀಟರ್ ಓಡಿ ನೋಡಿ, ನನ್ನ ಸಿಟ್ಟು ನಿಮಗೂ ಅರ್ಥವಾಗುತ್ತದೆ.

ಸಾಗರದ ನಡುವಿನ ನಮ್ಮ ಪುಟ್ಟ ರರೋಟೊಂಗಾ ದ್ವೀಪವನ್ನು ಒಂದು ಸುತ್ತು ಬಂದರೆ ಅಷ್ಟಾಗುತ್ತದೆ. ಎತ್ತ ಹೊರಟರೂ ಹೊರಟಲ್ಲಿಗೇ ತಂದು ನಿಲ್ಲಿಸುವ ರಸ್ತೆ ಅದು. ಬಲಗಡೆ ಬೆಟ್ಟ, ಎಡಗಡೆ ಸಮುದ್ರ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ಹಾಗೆ ಓಡುವವರೆಲ್ಲ ಆ ಕಡೆಯಿಂದಲೇ ಸುತ್ತುತ್ತಾರೆ. ನಾನು ವಾರದ ಐದು ದಿನ ಸ್ಕೂಟರಿನಲ್ಲಿ ಇದೇ ರಸ್ತೆ ಸುತ್ತಿ ಮನೆಮನೆಯ ಕರೆಂಟ್ ಮೀಟರ್ ಓದುತ್ತೇನೆ. ಆರನೆಯ ದಿನ ಅದೇ ರಸ್ತೆಯಲ್ಲಿ ಓಡುತ್ತೇನೆ. ಏಳನೆಯ ದಿನ ಓಡಿದರೆ ಪಾಪ.

ಮೂರು ಗಂಟೆಯೊಳಗೆ ಒಂದು ಸುತ್ತು ಮುಗಿಸಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಪದಕ ಬೇಡ, ಪಂದ್ಯ ಬೇಡ. ನಾನಿರುವ ಮನೆ ದೊಡ್ಡಮ್ಮನದು, ಮನೆಯ ಕೆಳಗಿನ ನೆಲ ಇಡೀ ವಂಶದ್ದು, ನನ್ನ ದನಿ ಚರ್ಚಿನ ಹಾಡಿನ ಮೇಳದ್ದು, ನನ್ನ ಸ್ಕೂಟರು ಅದನ್ನು ಮೊದಲು ಕೇಳಿದವರದು. ನೂರೋವಾ ಎಂಬ ನನ್ನ ಹೆಸರು ಕೂಡ ಸತ್ತ ಅಜ್ಜನದು. ಆ ಮೂರು ಗಂಟೆಯಾದರೂ ನನ್ನದಾಗಿರಲಿ ಎಂದು ಆಸೆಪಟ್ಟಿದ್ದೆ.

ಮೊದಮೊದಲು ಆಗಿತ್ತು ಕೂಡ. ಹೊಟ್ಟೆ ಕರಗಿಸಲು ಓಡುತ್ತಾನೆ ಎಂದುಕೊಂಡು ಜನ ಸುಮ್ಮನಿದ್ದರು. ಮೂರು ಗಂಟೆಗೆ ಇನ್ನು ಹತ್ತೇ ನಿಮಿಷ ಬಾಕಿ ಎನ್ನುವಷ್ಟು ಹತ್ತಿರ ಬಂದ ವಾರ, ನನ್ನ ಕೆಟ್ಟ ಹಣೆಬರಹಕ್ಕೆ, ಊಟಕ್ಕೆ ಕೂತಾಗ ದೊಡ್ಡಮ್ಮನಿಗೆ ಹೇಳಿಬಿಟ್ಟೆ. ಅವಳು ಪಾದ್ರಿಗಳಿಗೆ ಹೇಳಿದಳು. ಪಾದ್ರಿಗಳು ಭಾನುವಾರ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ನಮ್ಮ ನೂರೋವಾ ದ್ವೀಪಾನ ಮೂರು ಗಂಟೇಲಿ ಸುತ್ತಾನಂತೆ. ಅವನ ಕಾಲು ಅವನದ್ದಲ್ಲ, ಅರೋರಂಗಿದು,” ಅಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನನ್ನ ಕತೆ ಮುಗಿಯಿತು.

ಮುಂದಿನ ಶನಿವಾರದಿಂದ ಗೇಟಿನಲ್ಲಿ ಪ್ರಾರ್ಥನೆ, ಹಾರ ಶುರುವಾದವು, ರಸ್ತೆಯುದ್ದಕ್ಕೂ ಮೇಜುಗಳು ಬಂದವು. ದಾರಿಯ ಮೊದಲ ಊರು ಅವರುವಾದ ಹೆಂಗಸರು ಎಳನೀರು ಇಟ್ಟರೆ ಅದರ ಮುಂದಿನ ಮತವೇರಾದವರು ಬೇಯಿಸಿದ ಕೆಸುವಿನ ಗಡ್ಡೆ ಇಟ್ಟರು. ಅದನ್ನು ಕೇಳಿ ಅದರಾಚೆಯ ಮೂರಿ ಊರಿನವರು ತೆಂಗಿನ ಹಾಲು ಸುರಿದ ಬಾಳೆಹಣ್ಣಿನ ಪೋಕೆ ಮಾಡಿಕೊಂಡು ಬಂದರು. ನಮ್ಮಲ್ಲಿ ಕೈಗಿಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಹಾಗಂದರೆ ಆ ಮನೆಯನ್ನೇ ಬೇಡ ಅಂದಂತೆ. ಸೋಮವಾರ ನಾನು ಅದೇ ಮನೆಗೆ ಮೀಟರ್ ಓದಲು ಹೋಗಬೇಕು.

“ಅಜ್ಜಿ, ಓಡ್ತಿದೀನಿ, ಈಗ ತಿಂದ್ರೆ ಹೊಟ್ಟೆ ಹಿಡ್ಕೊಳ್ಳುತ್ತೆ,” ಎಂದು ಮೂರಿಯ ಅಕಾಯಿತಿ ಅಜ್ಜಿಗೆ ಒಂದು ಸಲ ಹೇಳಿ ನೋಡಿದೆ.

“ಓಡ್ತಾ ತಿನ್ನು ಅಂದೋರು ಯಾರು? ನಿಂತ್ಕೊಂಡು ತಿನ್ನು. ರಸ್ತೆ ಏನ್ ಓಡಿಹೋಗುತ್ತಾ?”

“ಟೈಮ್ ಹೋಗುತ್ತಲ್ಲ ಅಜ್ಜಿ.”

“ಮತವೇರಾದೋರ ಹತ್ರ ಎರಡು ತುಂಡು ತಿಂದ್ಯಂತೆ. ಅಲ್ಲಿ ಟೈಮ್ ಹೋಗ್ಲಿಲ್ವಾ? ನಮ್ಮ ಮೂರಿಗೆ ಬಂದಾಗ ಮಾತ್ರ ಗಡಿಯಾರ ನೋಡ್ತೀಯ.”

ತಿಂದೆ. ಆ ವಾರ ಮೂರೂವರೆ ಗಂಟೆಯಾಯಿತು. ಅದರ ಮುಂದಿನ ವಾರ ಇನ್ನೂ ಹೆಚ್ಚು. ಕಾಲುಗಳು ದಿನೇ ದಿನೇ ಗಟ್ಟಿಯಾಗುತ್ತಿದ್ದವು, ಸಮಯ ಮಾತ್ರ ಹಿಂದಕ್ಕೆ ಹೋಗುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಮೇಜುಗಳೇ ಕಣ್ಣಿಗೆ ಬರುತ್ತಿದ್ದವು. ಊರವರಲ್ಲಿ ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಜಗಳವಾಡಬಹುದಿತ್ತು. ಇಷ್ಟು ಪ್ರೀತಿಯ ಮುಂದೆ ಮನುಷ್ಯ ಏನು ಮಾಡಲು ಸಾಧ್ಯ?

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಹಾಲು ಕುಡಿಯುವ ಮಗುವಾಗಿದ್ದಾಗಿನಿಂದ ನನ್ನನ್ನು ಸಾಕಿದವಳು. ಒಂದು ಸಂಜೆ ಅವಳು ಚಾಪೆಗೆ ಓಲೆ ಸೀಳುತ್ತಿದ್ದಾಗ ಧೈರ್ಯ ಮಾಡಿ ಹೇಳಿದೆ.

“ದೊಡ್ಡಮ್ಮ, ನಂಗೆ ಒಬ್ನೇ ಓಡ್ಬೇಕು ಅನ್ಸುತ್ತೆ.”

ಅವಳು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದಳು. “ಒಬ್ನೇ ಯಾಕೆ? ನಿಂಗೆ ಯಾರೂ ಇಲ್ವಾ?”

ಇದ್ದಾರೆ, ಅದೇ ಕಷ್ಟ ಎಂದು ಹೇಗೆ ಹೇಳಲಿ? ಎದ್ದು ಹೋಗಿ ಕೋಳಿಗಳಿಗೆ ಕಾಳು ಹಾಕಿದೆ.

ಆ ಶನಿವಾರ ಪಾದ್ರಿಗಳು ಬರುವುದಕ್ಕೆ ಒಂದು ಗಂಟೆ ಮುಂಚೆಯೇ ಮನೆ ಬಿಟ್ಟೆ. ಫೋನನ್ನು ದಿಂಬಿನ ಕೆಳಗೇ ಇಟ್ಟೆ. ಚರ್ಚಿನ ಗೇಟು ಮುಟ್ಟಿ, ಕೈಗಡಿಯಾರದ ಗುಂಡಿ ಒತ್ತಿ, ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿದೆ. ಎದುರು ಸುತ್ತು. ಮೇಜಿನವರು ಕಾಯುವುದು ಅವರುವಾ ಕಡೆಯಿಂದ. ಅವರು ತಿರುಗಿ ತಟ್ಟೆ ಎತ್ತುವಷ್ಟರಲ್ಲಿ ನಾನು ಹಿಂಬದಿಯಿಂದ ದಾಟಿ ಹೋಗಿರುತ್ತೇನೆ. ಯಾರಿಗೂ ಅವಮಾನವಿಲ್ಲ, ಯಾರನ್ನೂ ಬೇಡ ಅಂದಂತಿಲ್ಲ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ತಿತಿಕಾವೆಕಾದಲ್ಲಿ ತೂತಾಯಿ ಎನ್ನುವ ಮುದುಕ ಮಬ್ಬುಗತ್ತಲಲ್ಲಿ ಅಂಗಳಕ್ಕೆ ಬಂದು ಹಲ್ಲುಜ್ಜುತ್ತಿದ್ದ. ನಮ್ಮ ಮಾಮೂಲಿ ಸುತ್ತಿನಲ್ಲಿ ಅದು ಕೊನೆಯ ಊರು, ಅಲ್ಲಿಂದ ಮುಂದೆ ಮನೆಯೇ. ನನ್ನನ್ನು ಕಂಡು ಕಣ್ಣುಜ್ಜಿಕೊಂಡ.

“ಯಾರು, ನೂರೋವಾನಾ? ಆಗಲೇ ಇಲ್ಲೀತನಕ ಬಂದ್ಯಾ? ಇನ್ನೇನು ಮುಗೀತು ಬಿಡು,” ಎಂದು ಕೂಗಿದ.

ನಾನು ಕೈ ಬೀಸಿ ಮುಂದೆ ಹೋದೆ. ನಿಂತು ವಿವರಿಸಿದ್ದರೆ ಅವನ ಹೆಂಡತಿ ಎದ್ದು ಬರುತ್ತಿದ್ದಳು, ಅವಳು ಬಂದರೆ ತಟ್ಟೆ ಬರುತ್ತಿತ್ತು.

ಆಮೇಲಿನ ಎರಡು ಗಂಟೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಾವಿರ ಸಲ ಓಡಿದ ರಸ್ತೆಯೇ ಹೊಸದಾಗಿತ್ತು. ಪ್ರತಿ ಮನೆಯ ಇನ್ನೊಂದು ಗೋಡೆ ಕಂಡಿತು. ಏರು ಎಂದು ಬೈದುಕೊಳ್ಳುತ್ತಿದ್ದದ್ದೆಲ್ಲ ಇಳಿಜಾರಾಗಿತ್ತು. ಮೂರಿಯ ಬಳಿ ಸೂರ್ಯ ಮುಖಕ್ಕೇ ಬಂದ. ಅಕಾಯಿತಿ ಅಜ್ಜಿಯ ಮನೆಯ ಕಿಟಕಿ ಇನ್ನೂ ಮುಚ್ಚಿತ್ತು. ಮತವೇರಾದಲ್ಲಿ ಮೇಜಿರಲಿಲ್ಲ. ಅವರುವಾದಲ್ಲೂ ಇರಲಿಲ್ಲ. ಅದೇಕೆಂದು ಒಂದು ಕ್ಷಣ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಹಸಿವಿಲ್ಲದೆ, ಹಾರವಿಲ್ಲದೆ, ಯಾರ ಮಾತಿಗೂ ಉತ್ತರ ಕೊಡದೆ ಓಡಿದೆ. ಒಂದೆರಡು ಕಡೆ ಜೋರಾಗಿ ನಕ್ಕೆ ಕೂಡ.

ಊರಲ್ಲಿ ನಡೆದದ್ದು ಆಮೇಲೆ ಗೊತ್ತಾಯಿತು. ತೂತಾಯಿ ಒಳಗೆ ಹೋಗಿ ಪಾದ್ರಿಗಳಿಗೆ ಫೋನ್ ಮಾಡಿದ್ದ: ನೂರೋವಾ ತಿತಿಕಾವೆಕಾ ದಾಟಿದ. ಯಾವ ಕಡೆಗೆ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಎಡಗಡೆಗೆ ಓಡುವವರು ಈ ದ್ವೀಪದಲ್ಲಿ ಯಾರಿದ್ದಾರೆ? ಹುಡುಗ ನಡುರಾತ್ರಿಯೇ ಹೊರಟಿದ್ದಾನೆ, ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾನೆ ಎಂದುಕೊಂಡು ಗೇಟಿನ ಮುಂದೆ ಡೋಲು ತಂದರು. ನಮ್ಮ ಅಡುಗೆ ಮುಟ್ಟದೆ ಕತ್ತಲಲ್ಲಿ ದಾಟಿಹೋದನಂತೆ ಎಂದು ಅವರುವಾ, ಮತವೇರಾ, ಮೂರಿಯವರು ಮುನಿಸಿಕೊಂಡು ಮೇಜು ಹಾಕಲೇ ಇಲ್ಲ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ನಾನು ಬರಲಿಲ್ಲ. ಟ್ರಕ್ಕು ತೆಗೆದುಕೊಂಡು ತಿತಿಕಾವೆಕಾದವರೆಗೆ ಹೋಗಿ ಹುಡುಕಿದರು. ರಸ್ತೆಯಲ್ಲಿಲ್ಲ. ಓಡಿ ಬಿಸಿಯಾದರೆ ನೀರಿಗಿಳಿಯುವ ಅಭ್ಯಾಸ ಅವನಿಗೆ ಎಂದು ಯಾರೋ ಅಂದರು. ಆಗ ಎಲ್ಲರ ಮುಖವೂ ಸಮುದ್ರದ ಕಡೆ ತಿರುಗಿತು.

ನಾನು ವಿಮಾನ ನಿಲ್ದಾಣದ ಗೋಡೆ ದಾಟಿ ನಮ್ಮೂರಿನ ತಿರುವಿಗೆ ಬಂದಾಗ ಕೈಯಲ್ಲಿ ಇನ್ನೂ ನಾಲ್ಕು ನಿಮಿಷವಿತ್ತು. ದೂರದಲ್ಲಿ ಚರ್ಚಿನ ಗೇಟು ಕಾಣುತ್ತಿತ್ತು. ಎರಡು ನಿಮಿಷದ ಓಟ.

ಗೇಟಿನ ಮುಂದೆ ಒಬ್ಬರೂ ಇರಲಿಲ್ಲ. ಜನವೆಲ್ಲ ಈಚೆಗೆ, ಮರಳಿನ ಮೇಲೆ, ನೀರಿನಲ್ಲಿ ಇದ್ದರು. ಗಂಡಸರು ದೋಣಿ ತಳ್ಳುತ್ತಿದ್ದರು. ಸೊಂಟದವರೆಗಿನ ನೀರಲ್ಲಿ ನಿಂತು ದೊಡ್ಡಮ್ಮ ನನ್ನ ಹೆಸರು ಹಿಡಿದು ಅಳುತ್ತಿದ್ದಳು. ಸತ್ತವರನ್ನು ಕರೆಯುವ ರಾಗ ಅದು. ನನಗೆ ಆ ರಾಗ ಚೆನ್ನಾಗಿ ಗೊತ್ತು.

ನನ್ನ ಕಾಲು ನಿಲ್ಲಲಿಲ್ಲ. ಇದನ್ನು ಮುಚ್ಚಿಟ್ಟು ಏನಾಗಬೇಕು? ಗೇಟು ಮುಟ್ಟಿ ತಿರುಗಿ ಬರುತ್ತೇನೆ, ಅಷ್ಟು ಹೊತ್ತು ಅತ್ತವಳು ಇನ್ನೆರಡು ನಿಮಿಷ ಅತ್ತರೆ ಏನಾಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ದೋಣಿಯ ಬಳಿಯಿದ್ದ ಪಾದ್ರಿಗಳು ನನ್ನನ್ನು ಕಂಡು ಬೆರಳು ತೋರಿಸಿದರು. ಎಲ್ಲರೂ ತಿರುಗಿದರು. ಎಪ್ಪತ್ತು ದಾಟಿದ, ಬೆನ್ನುನೋವಿನ ಮುದುಕಿ ನೀರಿನಿಂದೆದ್ದು ಅಷ್ಟು ಬೇಗ ರಸ್ತೆಗೆ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ನನ್ನ ಎಡಗೈ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಎಲ್ಲಿ ಹೋಗಿದ್ದೆ?”

“ಓಡೋಕೆ, ದೊಡ್ಡಮ್ಮ. ಈ ಸಲ ಆ ಕಡೆಯಿಂದ ಸುತ್ತಿದೆ.”

“ಆ ಕಡೆಯಿಂದ ಯಾರಾದ್ರೂ ಓಡ್ತಾರೇನೋ?” ಎನ್ನುತ್ತ ಭುಜಕ್ಕೆ ಒಂದು ಹೊಡೆದಳು, ಮತ್ತೆ ಮಣಿಕಟ್ಟು ಹಿಡಿದಳು.

“ಎರಡೇ ನಿಮಿಷ ಬಿಡು. ಆ ಗೇಟು ಮುಟ್ಟಿ ವಾಪಸ್ ಬರ್ತೀನಿ. ನೋಡು, ಇಲ್ಲಿಂದ್ಲೇ ಕಾಣುತ್ತೆ.”

“ನಿಮ್ಮಮ್ಮನೂ ವಾಪಸ್ ಬರ್ತೀನಿ ಅಂದ್ಲು. ನಾನು ಹೆತ್ತ ಮೂರು ಮಕ್ಕಳೂ ಹಂಗೇ ಅಂದ್ರು. ಒಬ್ಬೊಬ್ಬರನ್ನೂ ನಾನೇ ವಿಮಾನ ಹತ್ತಿಸಿ ಬಂದೆ.” ಅವಳ ಹಲ್ಲು ಕಟಕಟ ಎನ್ನುತ್ತಿತ್ತು. “ನಾನು ಯಾರನ್ನೂ ತಡೀಲಿಲ್ಲ ಕಣೋ. ಯಾರನ್ನೂ ತಡೀಲಿಲ್ಲ.”

ಕೊಸರಿದ್ದರೆ ಬಿಡಿಸಿಕೊಳ್ಳಬಹುದಿತ್ತು. ಅವಳಿಗೇನು ಬಲ? ಅವಳ ಒದ್ದೆ ಬೆರಳುಗಳು ಕೈಗಡಿಯಾರದ ಮೇಲಿದ್ದವು. ನಾನು ಗೇಟನ್ನೇ ನೋಡುತ್ತ ನಿಂತೆ. ಅದು ಎಷ್ಟು ಹತ್ತಿರವಿತ್ತೆಂದರೆ ಅದರ ಚಿಲಕವೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ, ಮೂರು ಗಂಟೆಗೆ ಎಚ್ಚರಿಸಲೆಂದು ಇಟ್ಟಿದ್ದ ಕೈಗಡಿಯಾರ ಅವಳ ಅಂಗೈ ಕೆಳಗೆ ನಡುಗಿತು.

“ಇದೇನೋ ಇದು, ಗುರ್ ಅಂತಿದೆ?” ಅಂದಳು.

“ಏನಿಲ್ಲ. ಹೊತ್ತಾಯ್ತು ಅಂತಿದೆ.”

“ಮುಂದಿನ ವಾರ ಯಾವ ಕಡೆಯಿಂದ ಬೇಕಾದ್ರೂ ಓಡು, ನಾನು ಬೇಡ ಅನ್ನಲ್ಲ. ಹಿಂದೆ ಟ್ರಕ್ಕಲ್ಲಿ ಕೂತ್ಕೊಂಡು ಬರ್ತೀನಿ.”

“ಮೂರು ಗಂಟೆ ನಿನ್ನ ಬೆನ್ನು ತಡೆಯಲ್ಲ, ದೊಡ್ಡಮ್ಮ.”

“ದಿಂಬು ಹಾಕ್ಕೋತೀನಿ.”

ಸರಿ ಅಂದೆ. ಕೈ ಬಿಡಲಿ ಎಂದೇ ಹಾಗಂದದ್ದು. ಅವಳು ಬಿಡಲಿಲ್ಲ. ನಮ್ಮ ಮನೆ ಇರುವುದು ಚರ್ಚಿನ ಆಚೆಗೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತ, ನನ್ನ ಕೈ ಹಿಡಿದುಕೊಂಡೇ ಮನೆಯ ಕಡೆ ಹೊರಟಳು. ಅವಳ ನಡಿಗೆಗೆ ಸರಿಯಾಗಿ ನಾನೂ ನಿಧಾನವಾಗಿ ನಡೆದು ಗೇಟು ದಾಟಿದೆ.