ನಲವತ್ತೆಂಟು ಭರಣಿ

ಸೀಮೆಸುಣ್ಣದಲ್ಲಿ ಬರೆದದ್ದರ ಕೊನೆಗೆ ಏಳು, ಪರದೆಯ ಮೇಲೆ ಕೊನೆಗೆ ಎರಡು, ಕನ್ನಡಕ ಒರೆಸಿ ನೋಡುತ್ತೇನೆ, ಎರಡೇ — ಕೊನೆಯದು ಮಾತ್ರವಲ್ಲ, ಮೊದಲಿನದೂ ಬೇರೆ, ನಡುವಿನದೂ ಬೇರೆ, ಅಷ್ಟುದ್ದದ ಮುದ್ರೆ ಸಂಖ್ಯೆಯಲ್ಲಿ ಒಂದೂ ನೆಟ್ಟಗಿಲ್ಲ, ಬುಧವಾರ ನಾನೂ ಜೊತೆಯ ಶಿಕ್ಷಕ ಗಲಿನನೂ ಕೂತು ಕಂಟೇನರ್ ಕಟ್ಟಿ ಮುಗಿಸಿ, ಈ ಹಲಗೆಯ ಮೇಲೆ ನಾನೇ ಬರೆದು, ಇಬ್ಬರೂ ಕೆಳಗೆ ಸಹಿ ಹಾಕಿದ ಸಂಖ್ಯೆ, ಒಳಗೆ ಒಂದು ಚುಕ್ಕೆ ಆಚೀಚೆಯಾದರೂ ಪೂರ್ತಿ ಬದಲಾಗುವ ಸಂಖ್ಯೆ, ಅಂದರೆ ಯಾರೋ ಕೈ ಹಾಕಿದ್ದಾರೆ, ಯಾರೋ ಏನು ಬಂತು ಯಾರೋ, ಮುಖ್ಯ ಯಂತ್ರವಿರುವ ಈ ಉಗ್ರಾಣದ ಬೀಗದ ಕೈ ಇರುವುದೇ ಇಬ್ಬರ ಹತ್ತಿರ, ಅವರಲ್ಲಿ ಒಬ್ಬಳು ನಾನು. ಇವತ್ತು ಶನಿವಾರ, ಬೆಳಿಗ್ಗೆ ಎಂಟಕ್ಕೇ ಡ್ರಾಗನೋವ್ ಮೇಷ್ಟ್ರಿಗೆ ಹೇಳಿದೆ, ಸ್ಪರ್ಧೆಯ ಅಧ್ಯಕ್ಷರು ಅವರು, ನನಗೆ ಗಣಿತ ಕಲಿಸಿದವರು, ಮೂರು ವರ್ಷದ ಹಿಂದೆ ಈ ಕಂಟೇನರ್ ಅಂದ್ರೆ ಏನಮ್ಮ ಅಂತ ಕೇಳಿದ್ದರು, ಪ್ರೋಗ್ರಾಮ್ ಬರೆಯುವ ಮಕ್ಕಳಿಗೆ ಬೇಕಾದ್ದನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿ ಮುಚ್ಚುತ್ತೇವೆ, ಅದೇ ಪೆಟ್ಟಿಗೆಯನ್ನು ನಲವತ್ತೆಂಟು ಯಂತ್ರಕ್ಕೂ ಹಾಕುತ್ತೇವೆ, ಇಂಟರ್‌ನೆಟ್ ತಂತಿ ಕಿತ್ತಿಡುತ್ತೇವೆ, ರಾಜಧಾನಿ ಸೋಫಿಯಾದ ಹುಡುಗನಿಗೆ ಸಿಗುವುದೇ ದೂರದ ವಿದಿನ್‌ನ ಹುಡುಗಿಗೂ, ಯಾರೂ ಹೊರಗೆ ಇಣುಕುವಂತಿಲ್ಲ, ಅಂದಿದ್ದೆ, ಅವರು ಗಡ್ಡ ಕೆರೆದುಕೊಂಡು, ಚಳಿಗಾಲಕ್ಕೆ ಕಟ್ಟಿಡೋ ಉಪ್ಪಿನಕಾಯಿ ಭರಣಿ ಅನ್ನು, ಅಂದರು, ಅಲ್ಲಿಂದ ಅವರ ಬಾಯಲ್ಲಿ ಅದು ಭರಣಿಯೇ. ಇವತ್ತೂ ಅಷ್ಟೇ, ಭರಣಿ ಮುಚ್ಚಳ ಯಾರು ತೆಗೆದ್ರು ನೆವೆನಾ, ಅಂತ ಮೆಲ್ಲಗೆ ಕೇಳಿದರು. ನಾನು ಯಾರ ಹೆಸರನ್ನೂ ಹೇಳಲಿಲ್ಲ. ನಾನು ಯಾರ ಹೆಸರನ್ನೂ ಹೇಳೋದಿಲ್ಲ ಮೇಷ್ಟ್ರೇ, ಆದ್ರೆ ಗಲಿನನ ಅಣ್ಣನ ಮಗಳು ಈ ಸಲ ಸ್ಪರ್ಧೆಗೆ ಬಂದಿದ್ದಾಳೆ, ನಿನ್ನೆ ಸಂಜೆ ಉಗ್ರಾಣದ ಬಾಗಿಲಿಗೂ ಬಂದಿದ್ಲು, ಅಂದೆ ಅಷ್ಟೇ, ಹೆಸರು ಹೇಳುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು.

ಕಳ್ಳನಲ್ಲದವನು ಕೂಗಾಡಬೇಕು. ಗಲಿನ್ ಕೂಗಾಡಲಿಲ್ಲ, ಮೊದಲು ನಕ್ಕ, ಆಮೇಲೆ ನಮ್ಮ ಮುಖ ನೋಡಿ ನಗು ನಿಲ್ಲಿಸಿದ, ಗೊಂಚಲಿನಿಂದ ಉಗ್ರಾಣದ ಕೀ ಬಿಚ್ಚಲು ಉಗುರು ಸಿಕ್ಕಿಸಿ ಒದ್ದಾಡಿದ, ಮೇಜಿನ ಮೇಲಿಟ್ಟ, ಇಪ್ಪತ್ತು ವರ್ಷ ಆಯ್ತಲ್ಲೇ ನೆವೆ, ಅಂದ, ಶಿಕ್ಷಕರ ಕೋಣೆಗೆ ಹೋಗಿ ಕೂತ. ಇಪ್ಪತ್ತು ವರ್ಷ ಅಂದರೆ ಏನರ್ಥ, ಇಪ್ಪತ್ತು ವರ್ಷ ಜೊತೆಗಿದ್ದವನು ಕೈ ಹಾಕಬಾರದೆಂದು ಎಲ್ಲಿದೆ, ಮೊನ್ನೆ ಎರಡು ಸಲ ಕೇಳಿದ, ಈ ವರ್ಷ ಲೆಕ್ಕ ಕಷ್ಟ ಇದಾವಾ ಅಂತ, ಸುಮ್ಮನೆ ಕೇಳಿದ್ದಂತೆ, ಸುಮ್ಮನೆ ಯಾರು ಎರಡು ಸಲ ಕೇಳುತ್ತಾರೆ, ಶುಕ್ರವಾರ ಬೆಳಿಗ್ಗೆ ಉಗ್ರಾಣದೊಳಗೆ ಲ್ಯಾಬಿನ ಕೀ ತನ್ನ ಮೊಳೆಯಲ್ಲಿರದೆ ಪಕ್ಕದ ಮೊಳೆಯಲ್ಲಿತ್ತು, ಕಣ್ಣಾರೆ ನೋಡಿದ್ದೇನೆ. ಹುಡುಗಿ ಹೊರಗೇ ಇರಲಿ, ತೀರ್ಮಾನ ಆಗೋವರೆಗೂ, ಎಂದರು ಮೇಷ್ಟ್ರು. ಬಿಲ್ಯಾನಾ ಅವಳ ಹೆಸರು. ಬಾಗಿಲಿನ ಗಾಜಿನಾಚೆ ಬೆಂಚಿನ ಮೇಲೆ ಕೂತಿದ್ದಾಳೆ, ಕೋಟಿನ ಜಿಪ್ಪು ಗಂಟಲವರೆಗೆ, ಉಣ್ಣೆ ಟೋಪಿ ಕೈಯಲ್ಲಿ, ಬೇರೆ ಮಕ್ಕಳು ಕೆಳಗೆ ಬಾಗಿಲಲ್ಲಿ ಗುಂಪಾಗಿದ್ದಾರೆ, ಆಯಾ ಶುಭವಾಗಲೆಂದು ಹೊಸ್ತಿಲಿಗೆ ಚೊಂಬು ನೀರು ಚೆಲ್ಲಿದ್ದಾಳೆ, ಅವರೆಲ್ಲ ಅದನ್ನು ದಾಟಿ ಬರುತ್ತಾರೆ, ಒಂಬತ್ತಕ್ಕೆ ಶುರು, ಇದು ಅವಳ ಕೊನೆಯ ವರ್ಷ, ಇವತ್ತು ಕೂರದಿದ್ದರೆ ದೇಶದ ತಂಡ ಅವಳಿಗೆ ಇನ್ನಿಲ್ಲ, ಇರಲಿ, ಚಿಕ್ಕಪ್ಪ ಮಾಡಿದ್ದಕ್ಕೆ ನಾನೇನು ಮಾಡಲಿ, ನನಗೆ ಇಪ್ಪತ್ತೆರಡು ನಿಮಿಷ ಕೊಟ್ಟಿದ್ದಾರೆ, ಒಳಗೆ ಏನು ಸೇರಿಸಿದ್ದಾನೆ ನೋಡು ಅಂತ.

ಪದರ ಪದರವಾಗಿ ಕಟ್ಟಿದ್ದು ಇದು, ಒಂದೊಂದು ಪದರಕ್ಕೂ ಅದು ಸೇರಿದ ಗಳಿಗೆ ಅಂಟಿಕೊಂಡಿರುತ್ತದೆ, ಬುಧವಾರದ ಪದರಗಳು ಹನ್ನೊಂದು, ಇಲ್ಲಿ ಹನ್ನೆರಡು, ಸಿಕ್ಕಿಬಿದ್ದ, ಹನ್ನೆರಡನೆಯದರ ಗಳಿಗೆ ಗುರುವಾರ ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ, ಗುರುವಾರ ಸಂಜೆ ಎಲ್ಲಿದ್ದೆಯಪ್ಪಾ ಗಲಿನ್, ಗುರುವಾರ — ಸಂತ ತ್ರಿಫೋನನ ಹಬ್ಬ, ದ್ರಾಕ್ಷಿ ಬಳ್ಳಿ ಕತ್ತರಿಸುವ ದಿನ, ರಸಾಯನಶಾಸ್ತ್ರದ ತ್ರಿಫೋನ್ ತನ್ನ ಹೆಸರಿನ ಹಬ್ಬವೆಂದು ಮನೆಯ ವೈನನ್ನು ಕೋಲಾ ಬಾಟಲಿಯಲ್ಲಿ ತಂದಿದ್ದ, ಬಿಳಿ ಚೀಸು, ಒಣ ಸಾಸೇಜು, ಬೇಡ ಅಂದರೂ ಬಿಡಲಿಲ್ಲ, ಕುಡಿಯದಿದ್ರೆ ನನ್ನ ಬಳ್ಳಿ ಒಣಗುತ್ತೆ ಮೇಡಂ, ಅಂದ, ಎರಡು ಲೋಟ, ಎರಡೇ, ಎರಡನೆಯದು ಸ್ವಲ್ಪ ದೊಡ್ಡದು, ಗಲಿನ್ ತಟ್ಟೆ ಹಿಡಿದು ನಡುವೆ ನಿಂತು ಗಾಬ್ರೊವೋ ಊರಿನ ಜಿಪುಣರ ಜೋಕು ಶುರುಮಾಡಿದ, ಹದಿನೆಂಟು ವರ್ಷದಿಂದ ಅದೇ ಜೋಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನನಗೆ ಸಾಕಾಗಿ ಎದ್ದು ಬಂದೆ, ಕಾರಿಡಾರಿನ ತುದಿಗೆ ಬಂದರೂ ಅವನ ದನಿ ಕೇಳುತ್ತಿತ್ತು, ಎದ್ದು ಬಂದೆ, ಎಲ್ಲಿಗೆ ಬಂದೆ. ಗೋಡೆ ಗಡಿಯಾರ ನೋಡಿದ್ದೆ, ಐದು ಹತ್ತರ ಬಸ್ಸಿಗೆ ಹೊತ್ತಿದೆ ಅಂದುಕೊಂಡೆ, ನಾಲ್ಕೂವರೆ. ಅವನು ಅಲ್ಲಿ ಜೋಕು ಹೇಳುತ್ತಿದ್ದ. ಬೇಡ, ಬೇರೆ ಯಾರಾದರೂ ಇರಬಹುದು, ಪದರ ಬಿಚ್ಚಿ ನೋಡೋಣ, ಒಳಗೇನಿದೆ — ಅಕ್ಷರ. ನಮ್ಮ ಲಿಪಿಯ ಅಕ್ಷರಗಳ ಫೈಲು, ಅಷ್ಟೇ, ಇದನ್ನು ಸೇರಿಸಿ ಕಳ್ಳನಿಗೆ ಏನು ಲಾಭ, ಅಕ್ಷರ ಇಲ್ಲದಿದ್ದರೆ ಪರದೆಯ ಮೇಲೆ ನಮ್ಮ ಮಾತೆಲ್ಲ ಖಾಲಿ ಚೌಕ ಚೌಕವಾಗಿ ಕಾಣುತ್ತದೆ, ಚೌಕ ಚೌಕ, ಸಾಲಾಗಿ ಚೌಕ, ನಾನು ನೋಡಿದ್ದೇನೆ ಆ ಚೌಕಗಳನ್ನು, ವೈನಿನ ಬಿಸಿ ಕಿವಿಯಲ್ಲಿ, ಥೂ ಮಕ್ಕಳಿಗೆ ಹೀಗೆ ಕೊಡೋದಾ ಅಂತ ಒಬ್ಬಳೇ ಬೈದುಕೊಂಡು, ತೆರೆದಿದ್ದ ಪೆಟ್ಟಿಗೆಯೊಳಗೇ ಅಕ್ಷರ ಸೇರಿಸಿ, ಮತ್ತೆ ಮೊದಲಿನಿಂದ ಕಟ್ಟಲು ನಲವತ್ತು ನಿಮಿಷ ಬೇಕು, ಬಸ್ಸು ಹೋಗುತ್ತದೆ, ಇದ್ದದ್ದನ್ನು ಇದ್ದ ಹಾಗೇ ಮುಚ್ಚಿ, ನಲವತ್ತೆಂಟಕ್ಕೂ ಕಳಿಸಿ, ಲ್ಯಾಬಿನ ಕೀಯನ್ನು ಮೊಳೆಗೆ ಸಿಕ್ಕಿಸಿ, ಯಾವುದೋ ಮೊಳೆಗೆ, ಓಡಿದೆ. ನಾನು. ಬದಲಾಯಿಸುವುದಿದ್ದರೆ ಪಾಕದ ಚೀಟಿಯಲ್ಲಿ, ಅಂದರೆ ಕಟ್ಟುವ ಸೂಚನೆಯಲ್ಲಿ, ಬದಲಾಯಿಸಿ ಹೊಸದಾಗಿ ಕಟ್ಟಿ, ಭರಣಿಗೆ ಕೈ ಹಾಕಿ ಮುಚ್ಚಳ ಹಾಕಬೇಡಿ, ಅಂತ ವರ್ಷಾ ವರ್ಷಾ ಮಕ್ಕಳ ತಲೆ ತಿನ್ನುವವಳು ನಾನು.

ಅಕ್ಷರವಷ್ಟೇ ಆಗಿದ್ದರೆ ನಕ್ಕು ಮುಗಿಸಬಹುದಿತ್ತು, ಆದರೆ ಅದೇ ತೆರೆದ ಪೆಟ್ಟಿಗೆಯಲ್ಲಿ ಗುರುವಾರ ಮಧ್ಯಾಹ್ನವಿಡೀ ನಾನು ಮಾಡುತ್ತಿದ್ದದ್ದೇನು, ಮೂರೂ ಲೆಕ್ಕಗಳ ಉತ್ತರ ಓಡಿಸಿ ಎಷ್ಟು ಸೆಕೆಂಡು ಹಿಡಿಯುತ್ತದೆ ನೋಡುತ್ತಿದ್ದೆ, ಇಗೋ ಇಲ್ಲಿದೆ ಫೋಲ್ಡರು, ನನ್ನ ಹೆಸರಿನದೇ, ಒಳಗೆ ಮೂರು ಫೈಲು, ಇವತ್ತಿನ ಮೂರು ಉತ್ತರ, ನಲವತ್ತೆಂಟು ಯಂತ್ರಗಳಲ್ಲಿ. ಅಳಿಸಬಹುದು. ಒಂದೇ ಸಾಲು ಬರೆದರೆ ನಲವತ್ತೆಂಟರಿಂದಲೂ ಹೋಗುತ್ತದೆ, ಎರಡು ನಿಮಿಷ, ಮೇಷ್ಟ್ರು ಕೇಳಿದರೆ ಕಳ್ಳ ಇಟ್ಟಿದ್ದನ್ನು ತೆಗೆದೆ ಅನ್ನುವುದು, ಶಹಬ್ಬಾಸ್ ನೆವೆನಾ ಅನ್ನುತ್ತಾರೆ, ಗಲಿನ್ ಶಿಕ್ಷಕರ ಕೋಣೆಯಿಂದ ಮನೆಗೆ ಹೋಗುತ್ತಾನೆ, ಇಪ್ಪತ್ತು ವರ್ಷ ಆಯ್ತಲ್ಲೇ ಅನ್ನಲು ಮತ್ತೆ ಬರುವುದಿಲ್ಲ, ಬೆರಳು ಕೀಲಿಮಣೆಯ ಮೇಲೇ ಇದೆ, ನಾಚಿಕೆಯಾಗುತ್ತದೆ, ಆದರೂ ಅಲ್ಲೇ ಇದೆ. ಅಳಿಸಿದರೂ ಏನು, ನಿನ್ನೆ ಅಭ್ಯಾಸಕ್ಕೆಂದು ಮಕ್ಕಳು ಒಂದು ಗಂಟೆ ಈ ಯಂತ್ರಗಳ ಮುಂದೆ ಕೂತಿದ್ದರು, ಯಾರು ನೋಡಿದರು, ಯಾರು ನೋಡಿ ಬಾಯಿ ಮುಚ್ಚಿಕೊಂಡರು, ನಲವತ್ತೆಂಟು ಮುಖಗಳನ್ನೂ ಈಗ ಅನುಮಾನಿಸಬೇಕೇ — ಒಂದನ್ನು ಬಿಟ್ಟು. ಆ ಹುಡುಗಿ ಬಾಗಿಲಿಗೆ ಬಂದು ಅಂದದ್ದೇನು, ಮೇಡಂ, ನನ್ನ ಮೆಷಿನ್ನಲ್ಲಿ ಯಾರದೋ ಫೈಲು, ಅಷ್ಟಕ್ಕೇ ನಾನು, ಸ್ಪರ್ಧಿಗಳು ನಮ್ಮ ಹತ್ರ ಮಾತಾಡೋ ಹಾಗಿಲ್ಲ, ನಡಿ, ಅಂತ ಕದ ಹಾಕಿದೆ, ಚಿಕ್ಕಪ್ಪ ಕಳಿಸಿದ್ದಾನೆ ಒಳಗೆ ಇಣುಕಲು ಎಂದುಕೊಂಡೆ, ನಲವತ್ತೆಂಟರಲ್ಲಿ ಹೇಳಲು ಬಂದವಳು ಅವಳೊಬ್ಬಳೇ, ಅವಳನ್ನೇ ಹೊರಗೆ ಕೂರಿಸಿದ್ದೇನೆ.

ಏಳು ನಿಮಿಷ ಇದೆ, ಲೆಕ್ಕಗಳನ್ನು ಬದಲಾಯಿಸಬೇಕು, ಸ್ಪರ್ಧೆ ಮಧ್ಯಾಹ್ನಕ್ಕೆ ಹೋಗಬೇಕು, ಈ ಬೀಗದ ಕೈ ಇನ್ನು ನನ್ನ ಹತ್ತಿರ ಇರುವುದಿಲ್ಲ, ಬಾಗಿಲು ತೆಗೆಯುತ್ತೇನೆ, ಮೇಷ್ಟ್ರು ಕಾರಿಡಾರಿನ ಕಿಟಕಿಯ ಹತ್ತಿರ ಹಾಜರಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಾರೆ, ಬೆಂಚಿನ ಕಡೆ ನೋಡದೆ ನೇರ ಹೋಗಿ ಹೇಳಿಬಿಡುತ್ತೇನೆ, ಭರಣಿಗೆ ಕೈ ಹಾಕಿದ್ದು ಗಲಿನ್ ಅಲ್ಲ ಮೇಷ್ಟ್ರೇ, ನಾನು, ಗುರುವಾರ, ಕುಡಿದಿದ್ದೆ, ಅನ್ನುತ್ತೇನೆ, ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿದೆ, ಅವರ ಪೆನ್ನು ಪಟ್ಟಿಯ ಮೇಲೆ ನಿಂತಿದೆ, ಅವರು ನನ್ನನ್ನು ನೋಡುತ್ತಿಲ್ಲ, ನನ್ನ ಹಿಂದೆ ನೋಡುತ್ತಿದ್ದಾರೆ, ತಿರುಗುತ್ತೇನೆ, ನಾನು ಬಾಗಿಲು ತೆಗೆದಾಗಲೇ ಎದ್ದಿರಬೇಕು, ಟೀಚರು ಬಂದರೆ ಏಳಬೇಕೆಂದು ನಾವೇ ಕಲಿಸಿದ್ದು, ಬಿಲ್ಯಾನಾ ಎದ್ದು ನಿಂತಿದ್ದಾಳೆ, ನೆಟ್ಟಗೆ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೂತ್ಕೋ ಅನ್ನಬೇಕು, ಕೂತ್ಕೋ ಮಗು ಅನ್ನಬೇಕು, ನಿಂತೇ ಇದ್ದಾಳೆ, ನನಗೆಂದು ಎದ್ದವಳು, ನಿಂತೇ ಇದ್ದಾಳೆ —