ಗೇಟಿನ ವಯಸ್ಸು

"ವಯಸ್ಸು?"

"ಐವತ್ತೇಳ್ರಿ," ಎಂದ ಗೇಟಿನ ಕಾವಲುಗಾರ ಪಂಪಣ್ಣ. ಆಧಾರ್ ಕಾರ್ಡಿನಲ್ಲೂ ಅಷ್ಟೇ ಇತ್ತು. ಅಕ್ಕಿ ಗಿರಣಿಯ ಗುಮಾಸ್ತ ವೆಂಕಣ್ಣ ಪಕ್ಕದಲ್ಲೇ ನಿಂತಿದ್ದ.

ಸಿರುಗುಪ್ಪದ ಗಿರಣಿ ಕೆಲಸಗಾರರ ತಪಾಸಣೆಗೆ ಡಾಕ್ಟರ್ ಅರುಣಾ ಬಳ್ಳಾರಿಯಿಂದ ಬಂದಿದ್ದರು. ವಯಸ್ಸು, ರಕ್ತದೊತ್ತಡ, ಸಕ್ಕರೆ, ಬೀಡಿ ಎಲ್ಲ ತುಂಬಿದರೆ ಅವರ ಟ್ಯಾಬ್ ಒಂದು ಅಂಕ ಕೊಡುತ್ತಿತ್ತು. ಹೆಚ್ಚು ಅಂಕ ಬಂದವರಿಗೆ ಬಳ್ಳಾರಿಯಲ್ಲಿ ಹೊಟ್ಟೆಯ ಸ್ಕ್ಯಾನ್.

"ಸ್ವಲ್ಪದರಾಗ ಪಾರಾದ್ರಿ. ಬೀಡಿ ಬಿಡ್ರಿ," ಎಂದರು ಅರುಣಾ.

"ಹೊಟ್ಟಿ ಯಾಕ ನೋಡ್ತೀರಿ ಅಮ್ಮಾ?"

"ಹೃದಯದಿಂದ ಕೆಳಗಿಳಿಯೋ ದೊಡ್ಡ ರಕ್ತನಾಳ ಕೆಲವರಿಗೆ ಹೊಟ್ಯಾಗ ಉಬ್ಬಿರ್ತೈತಿ. ನೋವು ಇರಂಗಿಲ್ಲ. ಒಡದ್ರ ಉಳಿಯೋದು ಕಷ್ಟ. ಮೊದ್ಲೇ ಗೊತ್ತಾದ್ರ ಆಪರೇಷನ್ ಮಾಡಬೌದು."

ಜೊತೆಗೆ ಕಾವಲಿದ್ದ ಶರಣ ಹೋದ ದೀಪಾವಳಿಯಲ್ಲಿ ಹೊಟ್ಟೆ ಹಿಡಿದುಕೊಂಡು ಸತ್ತಿದ್ದ. ಆಸ್ಪತ್ರೆಯವರು ಇದನ್ನೇ ಹೇಳಿದ್ದರು. ಗೇಟಿನ ಕೋಣೆಯಲ್ಲಿ ಈಗ ಪಂಪಣ್ಣ ಒಬ್ಬನೇ. ಆ ಕೋಣೆ ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ಕುರುಗೋಡಿನ ಮನೆ ಹೆಂಡತಿ ತೀರಿಕೊಂಡ ವರ್ಷವೇ ಕುಸಿದಿತ್ತು. ಅರವತ್ತು ದಾಟಿದವರನ್ನು ಗಿರಣಿ ಕಾವಲಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಕೆಲಸಕ್ಕಾಗಿ ಆಧಾರ್ ಮಾಡಿಸುವಾಗ ಅವನು ಹತ್ತು ವರ್ಷ ಕಡಿಮೆ ಬರೆಸಿದ್ದ.

"ಇನ್ನ ಹತ್ತು ವರ್ಷ ಹೆಚ್ಚಿದ್ದಿದ್ರ?"

"ಸ್ಕ್ಯಾನಿಗೆ ಇವತ್ತ ಬರಕೊಡ್ತಿದ್ದೆ."

"ಏಳೋ ಪಂಪಣ್ಣ," ಎಂದ ವೆಂಕಣ್ಣ. "ಎರಡನೇ ಸಂಬಂಧ ನೋಡಾಕ ಬಂದೋರಂಗ ವಯಸ್ಸಿನ ಚೌಕಾಸಿ ಮಾಡ್ತೀಯಲ್ಲ!"

ಸಾಲಿನಲ್ಲಿದ್ದ ಹಮಾಲರು ನಕ್ಕರು. ಪಂಪಣ್ಣ ಏಳಲಿಲ್ಲ.

"ಅರವತ್ತೇಳು ಅಂತ ಬರ್ಕೊಳ್ರಿ ಅಮ್ಮಾ."

ನಗು ನಿಂತಿತು.

"ಲೇ, ಆಧಾರ್‌ನಾಗ..."

"ಅದು ಗೇಟಿನ ವಯಸ್ಸಪ್ಪ."

ಅರುಣಾ ಅಂಕಿ ತಿದ್ದಿದರು. ಪರದೆ ಕೆಂಪಾಯಿತು. ಚೀಟಿ ಬರೆದುಕೊಟ್ಟು, "ನಾಳೇನ ಬರ್ರಿ. ಜೊತಿಗೆ ಮನ್ಯಾಗಿನೋರನ್ನ ಕರ್ಕೊಂಡು ಬರ್ರಿ," ಎಂದರು.

"ಆಗ್ಲಿ," ಎಂದ.

ಸಂಜೆ ವೆಂಕಣ್ಣ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ನಾನೊಬ್ನೇ ಕೇಳಿಸ್ಕೊಂಡಿದ್ರ ನುಂಗ್ಕೊಂತಿದ್ದೆ ಮಾರಾಯಾ. ಅಷ್ಟು ಮಂದಿ ಮುಂದ ಒದರಿದಿ. ಸಾವ್ಕಾರ್ರು..."

"ಗೊತ್ತೈತಿ ಬಿಡು," ಎಂದು ಪಂಪಣ್ಣ ಬೀಗದಕೈ ಅವನ ಕೈಗಿಟ್ಟ. "ಮುಂಜಾನಿ ಬಸ್ಸಿಗೆ ಹೋಕ್ಕೀನಿ."

ಬಟ್ಟೆಬರೆಯೆಲ್ಲ ಒಂದೇ ಚೀಲಕ್ಕೆ ಸಾಲುವಷ್ಟಿತ್ತು. ಬಳ್ಳಾರಿ ಬಸ್ಸಿನಲ್ಲಿ ಅದನ್ನು ಹೊಟ್ಟೆಗೆ ಒತ್ತಿಕೊಂಡು ಕಿಟಕಿ ಪಕ್ಕ ಕೂತ. ತೆಕ್ಕಲಕೋಟೆಯಲ್ಲಿ ಡ್ರೈವರ್ ಎಂಜಿನ್ ಆರಿಸಿ ಚಹಾಕ್ಕೆ ಇಳಿದ. ಕಿಟಕಿ ಗಾಜುಗಳ ಗಡಗಡ ನಿಂತಿತು. ಮುಂದಿನ ಸೀಟಿನ ಕಂಬಿಯ ನಡುಕವೂ ನಿಂತಿತು.

ಚೀಲ ಮಾತ್ರ ನಿಲ್ಲಲಿಲ್ಲ. ಹೊಟ್ಟೆಯೊಳಗಿನ ಬಡಿತಕ್ಕೆ ಒಂದೇ ಸಮ, ಮೆಲ್ಲಗೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ಪಂಪಣ್ಣ ಅದನ್ನೇ ನೋಡಿದ. ಆಮೇಲೆ ಚೀಲವನ್ನು ಎತ್ತಿ, ಜೊತೆಗೆ ಬಂದವರನ್ನು ಕೂರಿಸುವಂತೆ ಪಕ್ಕದ ಖಾಲಿ ಸೀಟಿನ ಮೇಲೆ ಕೂರಿಸಿದ.