ಪಂಪಿಗೆ ಸುತ್ತಿದ ಗೋಣಿ

ಉಗ್ಗಪ್ಪನಿಗೆ ಆ ಗೋಣಿತುಂಡು ಕಣ್ಣಿಗೆ ಬಿದ್ದದ್ದು ಸಂಜೆ ಕೈಕಾಲು ತೊಳೆದು ಮನೆಗೆ ಹೊರಟ ಮೇಲೆ. ವಿಮಾನದ ಮೂತಿಯೊಳಗೆ, ಇಂಜಿನಿನ ಹಿಂದೆ, ಪೆಟ್ರೋಲ್ ಪಂಪಿಗೆ ಸುತ್ತಿಕೊಂಡು ಇನ್ನೂ ಅರೆ ಒದ್ದೆಯಾಗಿತ್ತು. ಸುತ್ತಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಗಂಟು ಅವನದೇ.

ಹೊಸಂಗಡಿಯ ಬಸ್ಸುಗಳನ್ನು ಹದಿನೇಳು ವರ್ಷ ರಿಪೇರಿ ಮಾಡಿದ ಕೈ ಅದು. ಏರು ಹತ್ತುವಾಗ ಇಂಜಿನಿನ ಬಿಸಿಗೆ ಪಂಪು ಕಾದರೆ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಎಳೆಯಲು ಪಂಪಿಗೆ ಏನೂ ಸಿಗದೆ ಬಸ್ಸು ನಿಲ್ಲುತ್ತದೆ. ಅದಕ್ಕೇ ಪಂಪಿಗೆ ಗೋಣಿ ಸುತ್ತುವುದು, ನಿಂತಲ್ಲೆಲ್ಲ ಒಂದು ಚೊಂಬು ನೀರು ಹೊಯ್ಯುವುದು. ಇಂದು ಬೆಳಿಗ್ಗೆ ಬೀಡಿಯನ್ನು ಕಿವಿಗೆ ಸಿಕ್ಕಿಸುವಷ್ಟೇ ಸಲೀಸಾಗಿ ಅವನು ಅದನ್ನೇ ಮಾಡಿದ್ದ. ಅರ್ಧ ಗಂಟೆ ಇಂಜಿನು ಒಂದೇ ಸ್ವರದಲ್ಲಿ ಓಡಿತ್ತು. ಪೊಕ್ಕರ್ ಅವನನ್ನು ತಬ್ಬಿಕೊಂಡಿದ್ದ.

ಯುದ್ಧ ಮುಗಿದು ವಾಯುಪಡೆಯಿಂದ ಬಂದ ಪೊಕ್ಕರ್, ತಾಯಿ ಕೊಬ್ಬರಿ ಒಣಗಿಸುವ ಶೆಡ್ಡಿನಲ್ಲಿ ಮೂರು ವರ್ಷದಿಂದ ಕಟ್ಟಿದ ವಿಮಾನ ಅದು. ಮರ, ಬಟ್ಟೆಯ ಕೆಲಸ ಅವನದು. ಪೈಪು, ಪಂಪು ಉಗ್ಗಪ್ಪನದು. ನಾಳೆ ಸಮುದ್ರದ ಇಳಿತದ ಹೊತ್ತಿಗೆ ಮಂಜೇಶ್ವರದ ಗಟ್ಟಿ ಮರಳಿನ ಮೇಲೆ ಓಡಿಸಿ ಪೊಕ್ಕರ್ ಮೇಲೇರುವುದೆಂದು ನಿಶ್ಚಯವಾಗಿತ್ತು.

ಉಗ್ಗಪ್ಪ ಗೋಣಿ ಬಿಚ್ಚಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತ. ಬೆಳಿಗ್ಗೆ ಇಂಜಿನು ಓಡಿದ್ದು ಈ ಗೋಣಿಯಿಂದ ಎಂದು ಹೇಳದಿದ್ದರೆ? ಮೇಲೆ ಗಾಳಿ ತಂಪು, ಪಂಪು ಕಾಯಲಿಕ್ಕಿಲ್ಲ. ಕಾದರೂ ಕಾಯಬಹುದು. ಪಂಪಿನ ಜಾಗ ಬದಲಿಸಬೇಕಾದರೆ ಸೀಟು, ನೆಲಹಲಗೆ, ಟ್ಯಾಂಕು ಎಲ್ಲ ಕಳಚಬೇಕು. ಇದು ಮೂರನೆಯ ಸಲ. ಮೊಣಕಾಲು ಈಗಲೇ ಸಿಡಿಯುತ್ತಿತ್ತು.

ಪೊಕ್ಕರನ ತಾಯಿ ಆಯಿಶುಮ್ಮ ಚಾ ತಂದಿಟ್ಟರು. "ಎಂತ ಉಗ್ಗಪ್ಪ, ಸತ್ತವರ ಮನೆಯಲ್ಲಿ ಕೂತ ಹಾಗೆ? ನಾಳೆ ಅದು ಹಾರಿದರೆ ನನ್ನ ಶೆಡ್ಡಾದರೂ ಖಾಲಿ ಆಗ್ತದೆ."

ಹಿಂದಿನಿಂದ ಪೊಕ್ಕರ್ ಬಂದ. ಉಗ್ಗಪ್ಪ ಗೋಣಿ ಎತ್ತಿ ತೋರಿಸಿದ.

"ಬೆಳಿಗ್ಗೆ ಇದನ್ನು ಪಂಪಿಗೆ ಕಟ್ಟಿದ್ದೆ. ನೀರು ಹೊಯ್ದು."

ಪೊಕ್ಕರ್ ನಕ್ಕ. "ಅಷ್ಟೇಯಾ? ನಾಳೆಯೂ ಕಟ್ಟಿ ಮಾರಾಯ್ರೆ."

"ಒಣಗಿದ ಮೇಲೆ? ಚೊಂಬು ಹಿಡ್ಕೊಂಡು ಮೇಲೆ ಯಾರು ನಿಲ್ಲುದು?"

ಪೊಕ್ಕರ್ ನೇರ ಹೋಗಿ ವಿಮಾನದ ಮೂತಿಯ ಫ್ಯಾನು ತಿರುವಿ ಇಂಜಿನು ಚಾಲೂ ಮಾಡಿದ. ಗೋಣಿಯಿಲ್ಲದೆ ಇಂಜಿನು ಚೆನ್ನಾಗಿಯೇ ಓಡಿತು. ಐದು ನಿಮಿಷ, ಎಂಟು ನಿಮಿಷ. ಓಡುತ್ತಲೇ ಇರಲಿ ಎಂದು ಉಗ್ಗಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿದ್ದಕ್ಕೆ ನಾಚಿಕೆಯೂ ಆಯಿತು. ಹನ್ನೊಂದನೆಯ ನಿಮಿಷಕ್ಕೆ ಎರಡು ಸಲ ಬಿಕ್ಕಿ ಇಂಜಿನು ನಿಂತಿತು.

"ನಿಲ್ಲಿಸಿದ್ದಾ, ನಿಂತದ್ದಾ?" ಅಡುಗೆಮನೆಯಿಂದ ಆಯಿಶುಮ್ಮ ಕೇಳಿದರು.

ಉಗ್ಗಪ್ಪ ಕಾದ ಪಂಪನ್ನು ಮುಟ್ಟಿ ಕೈ ಹಿಂದೆಗೆದ.

"ಬಸ್ಸಿನ ಹಾಗೆ ಇಂಜಿನಿನ ಹತ್ತಿರವೇ ಇಟ್ಟೆ. ತಪ್ಪು ನನ್ನದು," ಎಂದ ಉಗ್ಗಪ್ಪ. "ಬ್ಯಾಟರಿಯಿಂದ ನಡೆಯುವ ಪಂಪಲ್ವಾ, ಎಲ್ಲಿ ಬೇಕಾದರೂ ಇಡಬಹುದು. ಟ್ಯಾಂಕಿನ ಅಡಿಗೆ ಹೋಗ್ಲಿ. ಪೆಟ್ರೋಲ್ ತಾನಾಗಿ ಅದಕ್ಕೆ ಇಳಿಯುತ್ತದೆ, ಅಲ್ಲಿಂದ ಪಂಪು ಮೇಲೆ ದೂಡುತ್ತದೆ. ಪೈಪನ್ನೂ ಸೈಲೆನ್ಸರಿನಿಂದ ದೂರ ತರಬೇಕು."

"ಎಷ್ಟು ದಿನ?"

"ಹದಿನೈದು. ಇಪ್ಪತ್ತು."

"ನಾಳೆ ಜನ ಬರ್ತಾರೆ, ಉಗ್ಗಪ್ಪಣ್ಣ."

"ಬರ್ಲಿ. ಸಮುದ್ರ ನೋಡಿ ಹೋಗ್ಲಿ."

ಪೊಕ್ಕರ್ ರೆಕ್ಕೆಗೆ ಒರಗಿದ. ನಾಳೆ ತೊಡಲೆಂದು ಇಸ್ತ್ರಿ ಮಾಡಿಸಿದ ಖಾಕಿ ಅಂಗಿ ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ದಾಟಿ ಹೋಗಿ ಸ್ಕ್ರೂಡ್ರೈವರು ಹುಡುಕಿ ತಂದ.

"ಸೀಟು ನಾನು ಬಿಚ್ತೇನೆ. ನೀವು ಆ ಕಾಲು ಮಡಚುದು ಬೇಡ."

ಉಗ್ಗಪ್ಪ ಗೋಣಿತುಂಡನ್ನು ನೆಲಕ್ಕೆ ಹಾಸಿ, ಕಾಲು ಚಾಚಿ ಕುಳಿತು, ಪೈಪಿನ ಮೊದಲ ನಟ್ಟಿಗೆ ಸ್ಪ್ಯಾನರು ಹಾಕಿದ.